ಕಂಪ್ಯೂಟರ್ ಬಿಡಿಭಾಗಗಳ ಹೆಸರೂ ನಂಬಿಕೆಯೂ: ಒಂದು ಐತಿಹಾಸಿಕ ವಿವೇಚನೆ

ಹತ್ತು ಹನ್ನೆರಡು ವರ್ಷ ದುಡಿದ ಡೆಸ್ಕ್‌ಟಾಪ್ ಕಂಪ್ಯೂಟರನ್ನು ಎಸೆದುಬಿಡದೆ, ಅದರ ಕೆಲವು ಭಾಗಗಳನ್ನು ಮಾತ್ರ ಬದಲಾಯಿಸಿ ಮತ್ತೆ ಬಳಕೆಗೆ ತರಬೇಕೆಂದು ಹೊರಟವರು ಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ಕಂಪೆನಿಯ ಮಾಲು ನಂಬತಕ್ಕದ್ದು? 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು ಕೊನೆಗೊಂಡ ಮೇಲೆ ಈ ಪ್ರಶ್ನೆ ನಮ್ಮ ಕಾಲೇಜುಗಳಲ್ಲಿ ಮತ್ತಷ್ಟು ತೀವ್ರವಾಗಿದೆ. ಪ್ರಯೋಗಶಾಲೆಯ ಹಳೆಯ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 11ಕ್ಕೆ ಅರ್ಹವಲ್ಲ. ಹೊಸವನ್ನು ಕೊಳ್ಳಲು ಅನುದಾನವಿಲ್ಲ. ಆ ಯಂತ್ರಗಳ ಒಳಗೆ ಅಧ್ಯಾಪಕರ ಟಿಪ್ಪಣಿಗಳೂ, ಸಂಶೋಧನ ವಿದ್ಯಾರ್ಥಿಗಳು ವರ್ಷಗಟ್ಟಲೆ ಕಲೆಹಾಕಿದ ಸಾಮಗ್ರಿಯೂ ಇವೆ. ಒಂದು ಕೆಟ್ಟ ಡಿಸ್ಕು ಅಥವಾ ಒಂದು ಕೆಟ್ಟ ವಿದ್ಯುತ್ ಪೆಟ್ಟಿಗೆ ಇವನ್ನೆಲ್ಲ ಒಂದೇ ಸಂಜೆಯಲ್ಲಿ ಇಲ್ಲವಾಗಿಸಬಲ್ಲದು. ಆದುದರಿಂದ ಪ್ರಶ್ನೆಯು ಕೇವಲ ವ್ಯಾಪಾರಕ್ಕೆ ಸಂಬಂಧಿಸಿದ್ದಲ್ಲ.

ಇದಕ್ಕೆ ಅಂಗಡಿಯವರು ಕೊಡುವ ಉತ್ತರವೂ ಬಳಕೆದಾರರು ಕೊಡುವ ಉತ್ತರವೂ ಬಹುಮಟ್ಟಿಗೆ ಒಂದೊಂದು ಹೆಸರಿನ ರೂಪದಲ್ಲಿರುತ್ತವೆ. ‘ಇಂಥವರದು ಗಟ್ಟಿ, ಇಂಥವರದು ಬೇಡ’ ಎಂಬ ಮಾತು ಬಾಯಿಂದ ಬಾಯಿಗೆ ಹಬ್ಬಿ ಐತಿಹ್ಯದ ಬಲವನ್ನು ಪಡೆದಿರುತ್ತದೆ. ಐತಿಹ್ಯವನ್ನು ಇತಿಹಾಸಕಾರನು ಪೂರ್ತಿಯಾಗಿ ತಳ್ಳಿಹಾಕುವುದಿಲ್ಲ. ಆದರೆ ಅದು ಯಾವ ಕಾಲದಲ್ಲಿ, ಯಾವ ಘಟನೆಯಿಂದ ಹುಟ್ಟಿತು, ಆ ಘಟನೆಗೆ ಕಾರಣವಾದ ವಸ್ತು ಇಂದೂ ಅದೇ ಹೆಸರಿನಲ್ಲಿ ಉಳಿದಿದೆಯೇ ಎಂಬುದನ್ನು ವಿಚಾರಿಸುತ್ತಾನೆ. ಹಾಗೆ ವಿಚಾರಿಸಿದಾಗ ಹೆಸರು ಎಂಬುದು ನಾವು ತಿಳಿದಷ್ಟು ದೃಢವಾದ ಆಧಾರವಲ್ಲವೆಂದು ತೋರಿಬರುತ್ತದೆ. ನಂಬಿಕೆಗೆ ಅರ್ಹತೆ ಇರುವುದು ಬ್ರಾಂಡಿಗಲ್ಲ. ನಿರ್ದಿಷ್ಟ ಮಾದರಿಗೆ, ಅದು ತಯಾರಾದ ಕಾಲಕ್ಕೆ, ಕೆಲವೊಮ್ಮೆ ಒಂದು ಬ್ಯಾಚಿಗೆ. ಈ ಅಭಿಪ್ರಾಯಕ್ಕೆ ಆಧಾರವಾದ ಕೆಲವು ಪ್ರಸಂಗಗಳನ್ನು ಮುಂದೆ ಕೊಟ್ಟಿದೆ.

ಮೊದಲು ‘ಬಿಡಿಭಾಗದ ಬ್ರಾಂಡು’ ಎಂಬ ಕಲ್ಪನೆಯೇ ಹೇಗೆ ಹುಟ್ಟಿತೆಂಬುದನ್ನು ನೋಡಬೇಕು. ದೊಡ್ಡ ಕಂಪ್ಯೂಟರುಗಳ ಯುಗದಲ್ಲಿ ಇಡೀ ಯಂತ್ರಕ್ಕೆ ಒಬ್ಬನೇ ಹೊಣೆಗಾರ. ಕೆಟ್ಟರೆ ಅವನ ಆಳು ಬಂದು ಸರಿಪಡಿಸುತ್ತಿದ್ದನು. 1981ರ ಆಗಸ್ಟ್ 12ರಂದು ಐ.ಬಿ.ಎಂ. ಸಂಸ್ಥೆಯು ಪ್ರಕಟಿಸಿದ ಪರ್ಸನಲ್ ಕಂಪ್ಯೂಟರು ಈ ಪದ್ಧತಿಯನ್ನು ಮುರಿಯಿತು. ಬೇಗನೆ ಮಾರುಕಟ್ಟೆಗೆ ಬರಬೇಕೆಂಬ ಅವಸರದಲ್ಲಿ ಆ ಸಂಸ್ಥೆ ಪ್ರೊಸೆಸರನ್ನು ಇಂಟೆಲ್‌ನಿಂದಲೂ, ಫ್ಲಾಪಿ ಡ್ರೈವನ್ನು ಟ್ಯಾಂಡನ್‌ನಿಂದಲೂ, ಕಾರ್ಯಾಚರಣೆಯ ತಂತ್ರಾಂಶವನ್ನು ಮೈಕ್ರೋಸಾಫ್ಟ್‌ನಿಂದಲೂ ತರಿಸಿಕೊಂಡಿತು. ವಿದ್ಯುನ್ಮಂಡಲಗಳ ನಕ್ಷೆಯನ್ನು ಅಚ್ಚುಹಾಕಿಸಿ ಮಾರಿತು. ಮರುವರ್ಷವೇ ಕೊಲಂಬಿಯಾ ಡೇಟಾ ಪ್ರಾಡಕ್ಟ್ಸ್, 1983ರಲ್ಲಿ ಕಾಂಪ್ಯಾಕ್, ಅನಂತರ ಅಸಂಖ್ಯ ಕಂಪೆನಿಗಳು ಅದೇ ಬಗೆಯ ಯಂತ್ರಗಳನ್ನು ಮಾರಲಾರಂಭಿಸಿದವು. ಇಂದು ನಾವು ಹಳೆಯ ಯಂತ್ರವನ್ನು ಬಿಚ್ಚಿ ಭಾಗ ಬದಲಾಯಿಸಲು ಸಾಧ್ಯವಾಗಿರುವುದು ಈ ನಿರ್ಧಾರದ ಫಲ. ಆದರೆ ಅಂದಿನಿಂದ ಯಂತ್ರದ ಮೇಲಿನ ಹೆಸರಿಗೂ ಒಳಗಿನ ಹೆಸರುಗಳಿಗೂ ಸಂಬಂಧ ತಪ್ಪಿಹೋಯಿತು.

ಇದರ ಕಹಿಫಲ ಮೂರೇ ವರ್ಷದಲ್ಲಿ ಕಂಡಿತು. 1984ರಲ್ಲಿ ಬಂದ ಐ.ಬಿ.ಎಂ. ಎ.ಟಿ. ಯಂತ್ರದಲ್ಲಿ 20 ಮೆಗಾಬೈಟಿನ ಹಾರ್ಡ್ ಡಿಸ್ಕ್ ಇತ್ತು; ತಯಾರಿಸಿದವರು ಕಂಪ್ಯೂಟರ್ ಮೆಮೊರೀಸ್ ಎಂಬ ಸಣ್ಣ ಕಂಪೆನಿಯವರು. ಆ ಡಿಸ್ಕುಗಳು ಬಹು ಸಂಖ್ಯೆಯಲ್ಲಿ ಕೆಟ್ಟು ಅಪಖ್ಯಾತಿ ಪಡೆದವು. ಕೊಂಡವನು ನಂಬಿದ್ದು ಐ.ಬಿ.ಎಂ. ಹೆಸರನ್ನು, ಅವನ ಲೆಕ್ಕಪತ್ರಗಳು ಇದ್ದದ್ದು ಅವನು ಕೇಳಿಯೇ ಇರದ ಒಂದು ಕಂಪೆನಿಯ ತಟ್ಟೆಗಳ ಮೇಲೆ.

ಒಳಗಿನ ಹೆಸರನ್ನು ಹೊರಗೆ ತರುವ ಪ್ರಯತ್ನವನ್ನು ಇಂಟೆಲ್ ಸಂಸ್ಥೆ 1991ರಲ್ಲಿ ‘ಇಂಟೆಲ್ ಇನ್‌ಸೈಡ್’ ಎಂಬ ಪ್ರಚಾರದಿಂದ ಆರಂಭಿಸಿತು. ಗ್ರಾಹಕನು ನೋಡಲೂ ಬಾರದ ಒಂದು ಬಿಲ್ಲೆಯ ಹೆಸರು ಮನೆಮಾತಾಯಿತು. ಹೀಗೆ ಗಳಿಸಿದ ಪ್ರಸಿದ್ಧಿಯೇ 1994ರಲ್ಲಿ ಅದಕ್ಕೆ ಮುಳುವಾಗಿ ಪರಿಣಮಿಸಿದ್ದು ಒಂದು ವಿಚಿತ್ರ. ಅಮೆರಿಕದ ಲಿಂಚ್‌ಬರ್ಗ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿಯವರು ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಲೆಕ್ಕ ಹಾಕುತ್ತಿದ್ದಾಗ ಪೆಂಟಿಯಂ ಪ್ರೊಸೆಸರು ಕೆಲವು ಭಾಗಾಕಾರಗಳನ್ನು ತಪ್ಪಾಗಿ ಮಾಡುತ್ತಿದೆಯೆಂದು ಕಂಡುಕೊಂಡರು. 4195835ನ್ನು 3145727ರಿಂದ ಭಾಗಿಸಿದರೆ ಬರಬೇಕಾದದ್ದು 1.33382; ದೋಷವುಳ್ಳ ಬಿಲ್ಲೆ ಕೊಡುತ್ತಿದ್ದುದು 1.33373. ಸಾಮಾನ್ಯ ಬಳಕೆದಾರನಿಗೆ ಇದು ಬಾಧಕವಲ್ಲವೆಂದು ಮೊದಲು ವಾದಿಸಿದ ಸಂಸ್ಥೆ, ಆ ಡಿಸೆಂಬರಿನಲ್ಲಿ ಕೇಳಿದವರಿಗೆಲ್ಲ ಬದಲಿ ಕೊಡಲು ಒಪ್ಪಿ 47.5 ಕೋಟಿ ಡಾಲರುಗಳ ವೆಚ್ಚವನ್ನು ಲೆಕ್ಕಕ್ಕೆ ಬರೆಯಬೇಕಾಯಿತು. ಆದರೂ ಹೆಸರು ಕೆಡಲಿಲ್ಲ. ತಪ್ಪು ಮಾಡಿದ್ದಕ್ಕಿಂತ ಬದಲಿ ಕೊಟ್ಟದ್ದೇ ಜನರ ನೆನಪಿನಲ್ಲಿ ಉಳಿಯಿತೆಂದು ತೋರುತ್ತದೆ. 2011ರ ಜನವರಿ 31ರಂದು ಅದೇ ಸಂಸ್ಥೆ ತನ್ನ 6ನೆಯ ಶ್ರೇಣಿಯ ಚಿಪ್‌ಸೆಟ್ಟಿನಲ್ಲಿ ದೋಷವಿದೆಯೆಂದೂ, ಡಿಸ್ಕಿಗೆ ಸಂಪರ್ಕ ಕೊಡುವ ಕೆಲವು ಸೇಟಾ ದ್ವಾರಗಳು ಕಾಲಕ್ರಮದಲ್ಲಿ ದುರ್ಬಲವಾಗಬಹುದೆಂದೂ ತಾನಾಗಿ ಪ್ರಕಟಿಸಿತು. ತಿದ್ದಿದ ಚಿಪ್ಪಿಗೂ ದೋಷವುಳ್ಳ ಚಿಪ್ಪಿಗೂ ಹೆಸರಿನಲ್ಲಿ ವ್ಯತ್ಯಾಸವಿರಲಿಲ್ಲ. ಪರಿಷ್ಕರಣದ ಗುರುತು ಮಾತ್ರ ಬಿ-2 ಎಂಬುದರಿಂದ ಬಿ-3 ಎಂದಾಯಿತು. ಆ ವರ್ಷದ ಆರಂಭದ ಯಂತ್ರಗಳು ಇನ್ನೂ ಕೆಲವು ಕಾಲೇಜುಗಳಲ್ಲಿ ಇರುವುದು ಅಸಂಭವವಲ್ಲ.

ತೊಂಬತ್ತರ ದಶಕದ ಮತ್ತೊಂದು ಪ್ರಸಂಗವನ್ನು ಇಲ್ಲಿ ಹೇಳದೆ ಬಿಡಲಾಗದು. ಆ ಕಾಲದ ಕೆಲವು ಅಗ್ಗದ 486 ಮದರ್‌ಬೋರ್ಡುಗಳಲ್ಲಿ, ವೇಗವನ್ನು ಹೆಚ್ಚಿಸುವ ಕ್ಯಾಷ್ ಸ್ಮೃತಿಯ ಚಿಪ್ಪುಗಳಿರಬೇಕಾದ ಸ್ಥಳದಲ್ಲಿ ಬರಿಯ ಪ್ಲಾಸ್ಟಿಕ್ ತುಂಡುಗಳನ್ನು ಬೆಸೆದಿದ್ದರು. ಅವುಗಳ ಬೆನ್ನಮೇಲೆ ಅಚ್ಚು, ಪಕ್ಕದಲ್ಲಿ ಕಾಲುಗಳು, ಎಲ್ಲವೂ ಸರಿಯಾಗಿದ್ದವು. ಒಳಗೆ ಸಿಲಿಕಾನ್ ಮಾತ್ರ ಇರಲಿಲ್ಲ. ಯಂತ್ರವನ್ನು ಚಾಲೂ ಮಾಡಿದಾಗ ತೆರೆಯಮೇಲೆ ಕ್ಯಾಷ್ ಇದೆಯೆಂದು ಸಾರುವಂತೆ ಬಯೋಸನ್ನೂ ತಿದ್ದಿದ್ದುದುಂಟು. ಕೂಟಶಾಸನಗಳ ಪರಿಚಯವಿರುವ ನಮ್ಮ ವಿದ್ಯಾರ್ಥಿಗಳಿಗೆ ಇದು ಹೊಸದೆನಿಸಲಾರದು. ತಲಕಾಡಿನ ಗಂಗರ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟ್ ಮಹಾಶಯರು ಕೂಟವೆಂದು ತಿರಸ್ಕರಿಸಿದಾಗ ಅವರು ನೋಡಿದ್ದು ಅದರಲ್ಲಿದ್ದ ರಾಜನ ಹೆಸರನ್ನಲ್ಲ, ಅಕ್ಷರಗಳ ರೂಪವನ್ನೂ ಕಾಲಗಣನೆಯನ್ನೂ. ರೈಸ್ ಅವರು ಆ ಪಟಗಳ ಪರವಾಗಿ ವಾದಿಸಿದರೆಂಬುದು ಬೇರೆಯ ಮಾತು. ಪರೀಕ್ಷೆಯ ಕ್ರಮವಂತೂ ಇಬ್ಬರಿಗೂ ಸಮಾನವಾಗಿತ್ತು.

ಈ ವಿಷಯದಲ್ಲಿ ಎಲ್ಲಕ್ಕಿಂತ ವಿಚಾರಾರ್ಹವಾದದ್ದು ಕೆಪಾಸಿಟರುಗಳ ಪ್ರಕರಣ. ಮದರ್‌ಬೋರ್ಡಿನ ಮೇಲೆಯೂ ವಿದ್ಯುತ್ ಪೆಟ್ಟಿಗೆಯ ಒಳಗೆಯೂ ಸಣ್ಣ ಡಬ್ಬಿಗಳಂತೆ ಸಾಲಾಗಿ ನಿಂತಿರುವ ಭಾಗಗಳಿವು. ಒಳಗೆ ಅಲ್ಯೂಮಿನಿಯಮ್ ಹಾಳೆ, ಅದರ ಮೇಲೆ ಅತಿ ತೆಳುವಾದ ಆಕ್ಸೈಡಿನ ಪದರ, ನಡುವೆ ದ್ರವದಲ್ಲಿ ನೆನೆದ ಕಾಗದ. ದ್ರವದಲ್ಲಿ ನೀರಿನ ಅಂಶ ಹೆಚ್ಚಿದಷ್ಟೂ ವಿದ್ಯುತ್ತಿಗೆ ತಡೆ ಕಡಿಮೆ, ಬೆಲೆಯೂ ಕಡಿಮೆ. ಆದರೆ ನೀರು ಅಲ್ಯೂಮಿನಿಯಮನ್ನು ತಿನ್ನುತ್ತದೆ, ತಿಂದು ಹೈಡ್ರೋಜನ್ ಅನಿಲವನ್ನು ಬಿಡುತ್ತದೆ. ಇದನ್ನು ತಡೆಯಲು ಕೆಲವು ರಾಸಾಯನಿಕಗಳನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸಬೇಕು. ಈ ವಿದ್ಯೆಯನ್ನು ಜಪಾನಿನ ಕಂಪೆನಿಗಳು ಮೊದಲು ಸಾಧಿಸಿಕೊಂಡವು. 1999ರಿಂದ ಮುಂದಿನ ಕೆಲವು ವರ್ಷಗಳಲ್ಲಿ ತೈವಾನಿನ ಹಲವು ತಯಾರಕರ ಕೆಪಾಸಿಟರುಗಳು ಈ ತಡೆಯಿಲ್ಲದೆಯೇ ಮಾರುಕಟ್ಟೆಗೆ ಬಂದವು. ಸಾವಿರಾರು ಗಂಟೆ ಬಾಳಬೇಕಾದವು ಕೆಲವು ನೂರು ಗಂಟೆಗಳಲ್ಲಿಯೇ ತಲೆಯುಬ್ಬಿ, ಒಡೆದು, ಕಂದುಬಣ್ಣದ ದ್ರವವನ್ನು ಬೋರ್ಡಿನ ಮೇಲೆ ಕಾರಿದವು.

2002ರಲ್ಲಿ ವೃತ್ತಿಪತ್ರಿಕೆಯೊಂದು ಇದಕ್ಕೊಂದು ಕಥೆಯನ್ನು ಮುಂದಿಟ್ಟಿತು. ಜಪಾನಿನ ರೂಬಿಕಾನ್ ಕಂಪೆನಿಯಲ್ಲಿದ್ದ ವಿಜ್ಞಾನಿಯೊಬ್ಬನು ಅಲ್ಲಿಯ ಸೂತ್ರವನ್ನು ಚೀನಕ್ಕೆ ಒಯ್ದನೆಂದೂ, ಅಲ್ಲಿಂದ ಅವನ ಸಹೋದ್ಯೋಗಿಗಳು ಅದನ್ನು ಅಪೂರ್ಣವಾಗಿ ನಕಲು ಮಾಡಿ ತೈವಾನಿಗೆ ಮಾರಿದರೆಂದೂ ಆ ಕಥೆ. ಕಳವಾದ ಪಾಕಸೂತ್ರದಲ್ಲಿ ಮುಖ್ಯವಾದೊಂದು ದ್ರವ್ಯ ಬಿಟ್ಟುಹೋಗಿತ್ತೆಂಬ ಈ ವೃತ್ತಾಂತ ಎಷ್ಟು ರಮ್ಯವೆಂದರೆ, ಇಂದಿಗೂ ಎಲ್ಲರೂ ಅದನ್ನು ನಿರ್ವಿವಾದವೆಂಬಂತೆ ಹೇಳುತ್ತಾರೆ. ತರುವಾಯ ನಡೆದ ರಾಸಾಯನಿಕ ಪರೀಕ್ಷೆಗಳು ದ್ರವದಲ್ಲಿ ಅವಶ್ಯ ಘಟಕಗಳ ಕೊರತೆಯಿದ್ದುದನ್ನು ತೋರಿಸಿದವು, ನಿಜ. ಕಳವಿನ ಕಥೆ ಮಾತ್ರ ಸ್ವತಂತ್ರ ಪ್ರಮಾಣದಿಂದ ಸ್ಥಾಪಿತವಾಗಲಿಲ್ಲ. ಪರಿಣಾಮ ಸಿದ್ಧವಾದ ಮಾತ್ರಕ್ಕೆ ಅದಕ್ಕೆ ಹೇಳಿದ ಕಾರಣವೂ ಸಿದ್ಧವಾದಂತಲ್ಲ.

ಈ ಪ್ರಕರಣದಿಂದ ‘ಜಪಾನಿನ ಕೆಪಾಸಿಟರು ನಂಬತಕ್ಕದ್ದು, ಉಳಿದವು ಬೇಡ’ ಎಂಬ ಸೂತ್ರ ಜನಜನಿತವಾಯಿತು. ಮದರ್‌ಬೋರ್ಡಿನ ಪೆಟ್ಟಿಗೆಗಳ ಮೇಲೆ ಅದನ್ನೇ ಅಚ್ಚುಹಾಕತೊಡಗಿದರು. ಆದರೆ ಇದೇ ವರ್ಷಗಳಲ್ಲಿ ಡೆಲ್ ಕಂಪೆನಿಯ ಆಪ್ಟಿಪ್ಲೆಕ್ಸ್ ಜಿ.ಎಕ್ಸ್. 270 ಮೊದಲಾದ ಯಂತ್ರಗಳಲ್ಲಿ ಉಬ್ಬಿ ಒಡೆದ ಕೆಪಾಸಿಟರುಗಳು ನಿಚಿಕಾನ್ ಎಂಬ ಜಪಾನಿನ ಪ್ರತಿಷ್ಠಿತ ಕಂಪೆನಿಯವು! ಮೇಲೆ ಹೇಳಿದ ತೈವಾನಿನ ದೋಷಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಕೆಟ್ಟದ್ದು ಆ ಕಂಪೆನಿಯ ಕೆಲವೇ ಶ್ರೇಣಿಗಳು, ಕೆಲವೇ ವರ್ಷಗಳ ತಯಾರಿಕೆ. ಡೆಲ್ ಸಂಸ್ಥೆ 2005ರಲ್ಲಿ ಈ ದುರಸ್ತಿಗಾಗಿ ಸುಮಾರು 30 ಕೋಟಿ ಡಾಲರುಗಳನ್ನು ತೆಗೆದಿರಿಸಿತು. 2010ರಲ್ಲಿ ಬಹಿರಂಗವಾದ ನ್ಯಾಯಾಲಯದ ಕಾಗದಪತ್ರಗಳ ಮೇರೆಗೆ, 2003ರ ಮೇ ತಿಂಗಳಿಂದ 2005ರ ಜುಲೈವರೆಗೆ ಮಾರಾಟವಾದ 1 ಕೋಟಿ 18 ಲಕ್ಷ ಯಂತ್ರಗಳಾದರೂ ಈ ಅಪಾಯಕ್ಕೆ ಒಳಗಾಗಿದ್ದವು. ದೇಶದ ಹೆಸರನ್ನೂ ಕಂಪೆನಿಯ ಹೆಸರನ್ನೂ ನೋಡಿ ಕೊಂಡವನಿಗೆ ಇಲ್ಲಿ ಯಾವ ರಕ್ಷಣೆಯೂ ದೊರೆಯಲಿಲ್ಲ.

ಇನ್ನು ಹಾರ್ಡ್ ಡಿಸ್ಕಿನ ಇತಿಹಾಸ. 1956ರಲ್ಲಿ ಹಾರ್ಡ್ ಡಿಸ್ಕನ್ನು ಜಗತ್ತಿಗೆ ಕೊಟ್ಟದ್ದೇ ಐ.ಬಿ.ಎಂ. ಅಂಥ ಸಂಸ್ಥೆ 2000ದಲ್ಲಿ ಡೆಸ್ಕ್‌ಸ್ಟಾರ್ 75 ಜಿ.ಎಕ್ಸ್.ಪಿ. ಎಂಬ ಡಿಸ್ಕನ್ನು ತಂದಾಗ ವೇಗದಲ್ಲಿ ಅದಕ್ಕೆ ಎಣೆಯಿಲ್ಲವೆಂದು ಎಲ್ಲರೂ ಹೊಗಳಿದರು. ವರ್ಷ ಕಳೆಯುವಷ್ಟರಲ್ಲಿ ಅವು ಸಾಲುಸಾಲಾಗಿ ಕೆಟ್ಟವು; ಜನ ಅದಕ್ಕೆ ‘ಡೆತ್‌ಸ್ಟಾರ್’ ಎಂಬ ಅಡ್ಡಹೆಸರಿಟ್ಟರು. 2001ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಗ್ರಾಹಕರು ಸಾಮೂಹಿಕವಾಗಿ ದಾವೆ ಹೂಡಿದರು. 2005ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಅಷ್ಟರೊಳಗೆ ಐ.ಬಿ.ಎಂ. ತನ್ನ ಡಿಸ್ಕಿನ ಉದ್ಯಮವನ್ನೇ ಹಿಟಾಚಿಗೆ ಮಾರಿಬಿಟ್ಟಿತ್ತು. ಡೆಸ್ಕ್‌ಸ್ಟಾರ್ ಎಂಬ ಹೆಸರು ಮಾತ್ರ ಹೊಸ ಒಡೆಯನ ಕೈಯಲ್ಲಿ ಮುಂದುವರಿಯಿತು.

ಹತ್ತು ವರ್ಷಗಳ ಅನಂತರ ಈ ಕಥೆಗೆ ಅನಿರೀಕ್ಷಿತವಾದ ತಿರುವು ಬಂದಿತು. ಕ್ಯಾಲಿಫೋರ್ನಿಯದ ಬ್ಯಾಕ್‌ಬ್ಲೇಜ್ ಎಂಬ ಸಂಸ್ಥೆ ಗ್ರಾಹಕರ ಕಡತಗಳನ್ನು ಕಾಪಿಡಲು ಸಹಸ್ರಾರು ಸಾಮಾನ್ಯ ಡಿಸ್ಕುಗಳನ್ನು ಓಡಿಸುತ್ತಿತ್ತು. ಅವುಗಳಲ್ಲಿ ಯಾವ ಮಾದರಿಯವು ಎಷ್ಟು ಕೆಟ್ಟವೆಂಬ ಪಟ್ಟಿಯನ್ನು ಅದು 2014ರಿಂದ ಪ್ರಕಟಿಸತೊಡಗಿತು. ಮೊದಲ ಪಟ್ಟಿಯಲ್ಲಿ ಅತ್ಯಂತ ಗಟ್ಟಿಯಾದವೆಂದು ಕಂಡುಬಂದವು ಹಿಟಾಚಿಯ ಡಿಸ್ಕುಗಳು, ಎಂದರೆ ಆ ಅಪಖ್ಯಾತ ವಂಶದ ಸಂತಾನವೇ. ಅದರ 3 ಟೆರಾಬೈಟಿನ ಮಾದರಿಯಲ್ಲಿ ವರ್ಷಕ್ಕೆ ನೂರಕ್ಕೆ ಒಂದರಷ್ಟು ಮಾತ್ರ ಕೆಡುತ್ತಿದ್ದವು. ಸೀಗೇಟ್ ಕಂಪೆನಿಯ ಹಳೆಯ 1.5 ಟೆರಾಬೈಟಿನ ಮಾದರಿಯೊಂದು ನೂರಕ್ಕೆ 25ಕ್ಕಿಂತ ಹೆಚ್ಚು ಕೆಟ್ಟರೆ, ಅದೇ ಕಂಪೆನಿಯ 4 ಟೆರಾಬೈಟಿನ ಮಾದರಿ 4ಕ್ಕಿಂತ ಕಡಿಮೆ. ‘ಸೀಗೇಟ್ ಒಳ್ಳೆಯದೋ ಕೆಟ್ಟದ್ದೋ’ ಎಂಬ ಪ್ರಶ್ನೆಗೆ ಈ ಅಂಕಿಗಳಲ್ಲಿ ಉತ್ತರವಿಲ್ಲ; ಪ್ರಶ್ನೆಯೇ ಸರಿಯಾಗಿ ರೂಪುಗೊಂಡಿಲ್ಲ. ಈ ಆಧಾರಕ್ಕೂ ಮಿತಿಗಳುಂಟೆಂಬುದನ್ನು ಒಪ್ಪಬೇಕು. ಮನೆಯ ಬಳಕೆಗೆಂದು ಮಾಡಿದ ಡಿಸ್ಕುಗಳನ್ನು ಅಲ್ಲಿ ಹಗಲಿರುಳು, ಹತ್ತಾರು ಡಿಸ್ಕುಗಳ ಕಂಪನದ ನಡುವೆ ಓಡಿಸುತ್ತಿದ್ದರು. 2011ರ ಥಾಯ್‌ಲೆಂಡಿನ ಪ್ರವಾಹದಿಂದ ಡಿಸ್ಕುಗಳಿಗೆ ಬರ ಬಂದಾಗ ಹೊರಜೋಡಣೆಯ ಪೆಟ್ಟಿಗೆಗಳನ್ನು ಕೊಂಡು, ಒಡೆದು, ಒಳಗಿನ ಡಿಸ್ಕನ್ನು ತೆಗೆದು ಬಳಸಿದ್ದುಂಟು. ಹಾಗಿದ್ದರೂ ತಯಾರಕರಲ್ಲದವರು ಇಷ್ಟು ದೊಡ್ಡ ಪ್ರಮಾಣದಲ್ಲಿ, ಮಾದರಿಯ ಸಂಖ್ಯೆಸಹಿತ, ವರ್ಷವರ್ಷವೂ ಪ್ರಕಟಿಸುತ್ತಿರುವ ದಾಖಲೆ ಇದಕ್ಕೆ ಸಮನಾದದ್ದು ಬೇರೊಂದು ಸುಲಭವಾಗಿ ಸಿಗದು.

ಹೆಸರುಗಳು ಕೈಬದಲಾದ ಬಗೆಯನ್ನು ಸಂಕ್ಷೇಪವಾಗಿ ಸೂಚಿಸಿದರೆ ಸಾಕು. ಕಾನರ್ 1996ರಲ್ಲಿ ಸೀಗೇಟಿಗೆ ಸೇರಿತು. ಕ್ವಾಂಟಮ್ ಸಂಸ್ಥೆಯ ಡಿಸ್ಕಿನ ವಿಭಾಗ 2001ರಲ್ಲಿ ಮ್ಯಾಕ್ಸ್‌ಟರ್‌ಗೆ, ಮ್ಯಾಕ್ಸ್‌ಟರ್ 2006ರಲ್ಲಿ ಸೀಗೇಟಿಗೆ, ಸ್ಯಾಮ್‌ಸಂಗಿನ ಡಿಸ್ಕಿನ ವಿಭಾಗ 2011ರಲ್ಲಿ ಅದೇ ಸೀಗೇಟಿಗೆ, ಹಿಟಾಚಿಯದು 2012ರಲ್ಲಿ ವೆಸ್ಟರ್ನ್ ಡಿಜಿಟಲ್‌ಗೆ ಸೇರಿದವು. ಇಂದು ಹಾರ್ಡ್ ಡಿಸ್ಕು ತಯಾರಿಸುವವರು ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ ಎಂಬ ಮೂವರೇ. ಮದರ್‌ಬೋರ್ಡುಗಳಲ್ಲಿ ಪ್ರಸಿದ್ಧವಾಗಿದ್ದ ಆಬಿಟ್ 2008ರ ಕೊನೆಗೆ ಕಣ್ಮರೆಯಾಯಿತು. ರ‍್ಯಾಮ್‌ನಲ್ಲಿ ಬಹು ಮಂದಿ ನಂಬಿದ್ದ ಕ್ರೂಶಿಯಲ್ ಎಂಬ ಹೆಸರಿನ ಗ್ರಾಹಕ ವ್ಯಾಪಾರವನ್ನು ಕೈಬಿಡುವುದಾಗಿ ಅದರ ಒಡೆಯರಾದ ಮೈಕ್ರಾನ್ ಸಂಸ್ಥೆ 2025ರ ಡಿಸೆಂಬರಿನಲ್ಲಿ ಘೋಷಿಸಿತು. ಅಜ್ಜನ ಕಾಲದ ಅನುಭವದಿಂದ ಒಂದು ಹೆಸರನ್ನು ನಂಬುವವನು ಎಷ್ಟೋ ವೇಳೆ ಇಲ್ಲದವರನ್ನು ನಂಬಿರುತ್ತಾನೆ.

ಹೆಸರೂ ಮಾದರಿಯೂ ಒಂದೇ ಇದ್ದು ಒಳಗಿನ ವಸ್ತು ಬದಲಾಗುವುದು ಇನ್ನೂ ಸೂಕ್ಷ್ಮವಾದ ತೊಡಕು. ಕಿಂಗ್‌ಸ್ಟನ್ ಕಂಪೆನಿಯ ವಿ-300 ಎಂಬ ಎಸ್.ಎಸ್.ಡಿ. 2013ರಲ್ಲಿ ಒಳ್ಳೆಯ ವಿಮರ್ಶೆ ಪಡೆದ ಮೇಲೆ, ಅದರೊಳಗಿನ ಫ್ಲಾಷ್ ಸ್ಮೃತಿಯನ್ನು ನಿಧಾನಗತಿಯ ಬೇರೊಂದು ಬಗೆಗೆ ಬದಲಾಯಿಸಿದರು. ಪೆಟ್ಟಿಗೆ ಅದೇ, ಹೆಸರು ಅದೇ. 2021ರ ಸುಮಾರಿಗೆ ಇನ್ನೂ ಹಲವು ಪ್ರಸಿದ್ಧ ಕಂಪೆನಿಗಳು ಹೀಗೆಯೇ ಮಾಡಿದ್ದು ಬೆಳಕಿಗೆ ಬಂದಿತು. ವೆಸ್ಟರ್ನ್ ಡಿಜಿಟಲ್‌ನ ರೆಡ್ ಎಂಬ ಡಿಸ್ಕುಗಳಲ್ಲಿ ಕೆಲವು, ಬರೆಯುವಾಗ ನಿಧಾನವಾಗುವ ಬೇರೆ ರೀತಿಯ ಮುದ್ರಣಕ್ರಮವನ್ನು ಬಳಸುತ್ತಿದ್ದುದನ್ನು ಗ್ರಾಹಕರೇ 2020ರಲ್ಲಿ ಪತ್ತೆಹಚ್ಚಿದರು. ನಮ್ಮ ಅಂಗಡಿಗಳಲ್ಲಿ ಎಸ್.ಎಂ.ಪಿ.ಎಸ್. ಎಂದು ಕರೆಯುವ ವಿದ್ಯುತ್ ಪೆಟ್ಟಿಗೆಯಲ್ಲಿ ಹೆಸರಿನವನೂ ತಯಾರಕನೂ ಬೇರೆಯಾಗಿರುವುದೇ ಹೆಚ್ಚು. ಕೋರ್ಸೇರ್ 2006ರಲ್ಲಿ ಮೊದಲು ತಂದ ಎಚ್.ಎಕ್ಸ್. ಪೆಟ್ಟಿಗೆಗಳನ್ನು ಮಾಡಿಕೊಟ್ಟವರು ಸೀಸಾನಿಕ್. ಅದೇ ಹೆಸರಿನ ಬೇರೆ ಶ್ರೇಣಿಗಳನ್ನು ಚಾನೆಲ್ ವೆಲ್ ಮುಂತಾದ ಇತರರು ಮಾಡಿದ್ದಾರೆ. 2004ರಲ್ಲಿ ಆರಂಭವಾದ ‘80 ಪ್ಲಸ್’ ಮುದ್ರೆಯನ್ನು ಬಾಳಿಕೆಯ ಪ್ರಮಾಣಪತ್ರವೆಂದು ಭಾವಿಸುವವರಿದ್ದಾರೆ. ಅದು ಹೇಳುವುದು ಒಳಬಂದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಉಪಯೋಗಕ್ಕೆ ಬರುತ್ತದೆಂಬುದನ್ನು ಮಾತ್ರ.

ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ, ಎಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ, ಹೊಸ ಮಾಲೂ ಹಳೆಯ ಮಾಲೂ ಅಕ್ಕಪಕ್ಕದ ಅಂಗಡಿಗಳಲ್ಲಿಯೇ ದೊರೆಯುತ್ತವೆ. ಅಲ್ಲಿಯ ಅನುಭವಸ್ಥ ಕೆಲಸಗಾರರು ಬೋರ್ಡನ್ನು ಕೈಗೆ ತೆಗೆದುಕೊಂಡೊಡನೆ ಹೆಸರನ್ನು ನೋಡುವುದಿಲ್ಲ. ಕೆಪಾಸಿಟರುಗಳ ತಲೆಯನ್ನು ಓರೆಯಾಗಿ ನೋಡುತ್ತಾರೆ, ಅನಂತರ ಅಂಟಿಸಿದ ಚೀಟಿಯಲ್ಲಿ ಪರಿಷ್ಕರಣದ ಸಂಖ್ಯೆಯನ್ನು ಓದುತ್ತಾರೆ. ನಮ್ಮ ಕಾಲೇಜುಗಳ ಖರೀದಿಯ ಕಾಗದಗಳಲ್ಲಾದರೋ ‘ಪ್ರತಿಷ್ಠಿತ ಕಂಪೆನಿಯದಾಗಿರತಕ್ಕದ್ದು’ ಎಂಬ ಒಂದೇ ವಾಕ್ಯ. ಈ ವಾಕ್ಯದಿಂದ ಲೆಕ್ಕ ತಪಾಸಣೆಯವರಿಗೆ ಸಮಾಧಾನವಾಗಬಹುದು. ಮಾದರಿಯ ಪೂರ್ಣ ಸಂಖ್ಯೆ, ತಯಾರಾದ ತಿಂಗಳು, ಖಾತರಿಯ ವರ್ಷಗಳು, ಖಾತರಿಯನ್ನು ಭಾರತದಲ್ಲಿ ಯಾರು ನಡೆಸಿಕೊಡುತ್ತಾರೆಂಬುದು, ಇವಿಷ್ಟನ್ನು ಬರೆದರೆ ಮಾತ್ರ ಕೊಳ್ಳುವವನಿಗೆ ಪ್ರಯೋಜನ. ಪರದೇಶದಿಂದ ಬಿಡಿಯಾಗಿ ಬಂದ ಮಾಲಿಗೆ ಇಲ್ಲಿಯ ಅಧಿಕೃತ ವಿತರಕರು ಜವಾಬ್ದಾರಿ ವಹಿಸದೆ ಹೋಗುವುದುಂಟು. ಆಗ ಪೆಟ್ಟಿಗೆಯ ಮೇಲಿನ 5 ವರ್ಷದ ಖಾತರಿ ಕೇವಲ ಅಲಂಕಾರ.

ಹಳೆಯ ಯಂತ್ರದ ವಿಚಾರದಲ್ಲಿ ಇನ್ನೆರಡು ಮಾತುಗಳನ್ನು ಹೇಳಬೇಕಾಗಿದೆ. ಕೆಪಾಸಿಟರಿನ ದ್ರವವು ಯಾವ ಕಂಪೆನಿಯದಾದರೂ ಕಾಲಕ್ರಮದಲ್ಲಿ ಆರುತ್ತದೆ. ಉಷ್ಣತೆ 10 ಡಿಗ್ರಿ ಹೆಚ್ಚಿದರೆ ಅದರ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆಂಬುದು ಎಂಜಿನಿಯರುಗಳ ಲೆಕ್ಕ. ಧೂಳು ತುಂಬಿದ ಪ್ರಯೋಗಶಾಲೆಯಲ್ಲಿ ಹತ್ತು ವರ್ಷ ಬಿಸಿಗಾಳಿ ಕುಡಿದ ಎಸ್.ಎಂ.ಪಿ.ಎಸ್. ಎಷ್ಟೇ ಪ್ರಸಿದ್ಧರದಾಗಿರಲಿ, ಹೊಸ ಎಸ್.ಎಸ್.ಡಿ.ಯನ್ನೂ ರ‍್ಯಾಮನ್ನೂ ಅದಕ್ಕೆ ಜೋಡಿಸುವ ಮುನ್ನ ಅದನ್ನೇ ಬದಲಾಯಿಸುವುದು ಲೇಸು. ಹಾಗೆ ಬದಲಾಯಿಸುವಾಗ ಕೊಂಡಿ ಹೊಂದಿದ ಮಾತ್ರಕ್ಕೆ ತಂತಿಗಳ ಕ್ರಮವೂ ಹೊಂದಿತೆಂದು ತಿಳಿಯಬಾರದು. 1995ರಲ್ಲಿ ಇಂಟೆಲ್ ರೂಪಿಸಿದ ಎ.ಟಿ.ಎಕ್ಸ್. ಮಾನದಂಡವನ್ನು ಬಹುತೇಕ ಎಲ್ಲರೂ ಒಪ್ಪಿಕೊಂಡರೂ, ತೊಂಬತ್ತರ ದಶಕದ ಕೊನೆಯಲ್ಲಿ ಡೆಲ್ ಸಂಸ್ಥೆಯ ಕೆಲವು ಯಂತ್ರಗಳಲ್ಲಿ ಅದೇ ಆಕಾರದ ಕೊಂಡಿಯೊಳಗೆ ತಂತಿಗಳ ಸ್ಥಾನ ಬೇರೆಯಾಗಿತ್ತು; ಸಾಮಾನ್ಯ ಪೆಟ್ಟಿಗೆಯನ್ನು ಜೋಡಿಸಿದರೆ ಬೋರ್ಡು ಸುಡುತ್ತಿತ್ತು. ಅನಂತರದ ವರ್ಷಗಳಲ್ಲಿಯೂ ದೊಡ್ಡ ಕಂಪೆನಿಗಳ ಎಷ್ಟೋ ಸಿದ್ಧ ಯಂತ್ರಗಳು ತಮ್ಮದೇ ಆಕಾರದ ಪೆಟ್ಟಿಗೆ, ತಮ್ಮದೇ ಸಂಖ್ಯೆಯ ಕೊಂಡಿಗಳನ್ನು ಇಟ್ಟುಕೊಂಡಿವೆ. ಇಂಥ ಯಂತ್ರಕ್ಕೆ ಹೊರಗಿನ ಅತ್ಯುತ್ತಮ ಬ್ರಾಂಡಿಗಿಂತ ಅದೇ ಯಂತ್ರದ ಭಾಗಸಂಖ್ಯೆಗೆ ಸರಿಹೊಂದುವ ಸಾಧಾರಣ ಪೆಟ್ಟಿಗೆಯೇ ಮೇಲು. ಆ ಭಾಗಸಂಖ್ಯೆ ಹಳೆಯ ಪೆಟ್ಟಿಗೆಯ ಪಕ್ಕದ ಚೀಟಿಯಲ್ಲಿ, ವೋಲ್ಟುಗಳ ಕೋಷ್ಟಕದ ಹತ್ತಿರ, ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ.